ಮೂರು ದಿನದ ರೊಟ್ಟಿ ಸಪ್ಪಳ

ಹುಮನಾಬಾದಿನ ಪೇಟೆ ದಾಟಿ ಕಲ್ಯಾಣಿ ಊರಿನ ದಾರಿ ಹಿಡಿದರೆ, ಊರ ಹೊರಗಿನ ಓಣಿಯಲ್ಲಿ ನಮ್ಮ ಮನೆ. ನಿಜಾಮರ ಕಾಲ. ಎಲ್ಲವೂ ಮಣ್ಣಿನ ಮಾಳಿಗೆಯ ಮನೆಗಳು, ಗೋಡೆಗೆ ಗೋಡೆ ಹತ್ತಿಕೊಂಡಿದ್ದವು. ಅಲ್ಲಿ ಗುಟ್ಟು ಎಂಬುದು ಯಾರಪ್ಪನ ಮನೆಯಲ್ಲೂ ಉಳಿಯುತ್ತಿರಲಿಲ್ಲ. ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹೊತ್ತಿಸುವಂತಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಹೊಗೆ ಏಳದಿದ್ದರೆ ಸಾಕು, ಓಣಿಯ ಹೆಂಗಸರು ಅಳುತ್ತಲೇ ಬಂದುಬಿಡುತ್ತಿದ್ದರು.

ನನಗಾಗ ಹದಿನಾಲ್ಕು. ಅಣ್ಣ ಹೈದರಾಬಾದಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಒಂದು ಮಧ್ಯಾಹ್ನ ಅವನ ಜೊತೆಗಾರ, ಪಕ್ಕದ ಹುಡಗಿ ಎಂಬ ಊರಿನವನು, ಅಣ್ಣ ಹೊದೆಯುತ್ತಿದ್ದ ಕೌದಿಯನ್ನು ಬಗಲಲ್ಲಿ ಇಟ್ಟುಕೊಂಡು ಬಂದ. ಜ್ವರ ಬಂದು ಅಣ್ಣ ಹೋಗಿದ್ದ. ಮಣ್ಣೂ ಅಲ್ಲೇ ಆಗಿತ್ತು. ಅವ್ವ ಕೇಳಿಸಿಕೊಂಡಳು, ಅವನಿಗೆ ನೀರು ಕೊಟ್ಟಳು, ಯಾರಿಗೂ ಹೇಳಬೇಡವೆಂದು ಕೈಮುಗಿದು ಕಳಿಸಿದಳು.

"ನಿಮ್ಮಪ್ಪ ಕಲ್ಯಾಣಿಂದ ಬರೋತನಕ ಒಲಿ ಆರಬಾರದು," ಎಂದಳು. "ಓಣಿ ಬಾಯಾಗ ಅಳು ಕೇಳಿದ್ರ ಅವರು ಉಳಿಯಲ್ಲ."

ಅವಳ ಮಾತೂ ಸುಳ್ಳಲ್ಲ. ಹಿಂದೊಮ್ಮೆ ಚಿಕ್ಕಪ್ಪ ಸತ್ತ ಸುದ್ದಿಯನ್ನು ಯಾರೋ ದಾರಿಯಲ್ಲೇ ಹೇಳಿ, ಅಪ್ಪ ಗಾಡಿಯಿಂದ ಬಿದ್ದು ಕೈ ಮುರಿದುಕೊಂಡಿದ್ದ.

ಅವ್ವ ಒಲೆ ಹೊತ್ತಿಸಿದಳು. ಮೇಲೆ ಏನನ್ನೂ ಇಡಲಿಲ್ಲ. ಬರೀ ಕಟ್ಟಿಗೆ ಉರಿಯುತ್ತಿತ್ತು, ನಾವಿಬ್ಬರೂ ನೋಡುತ್ತಾ ಕುಳಿತಿದ್ದೆವು. ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ.

ಸಂಜೆ ನೀರು ತರಲು ಹೊರಟಾಗ ಪಕ್ಕದ ಮನೆಯ ಖಾಲಾ, ನಮಗೆಲ್ಲ ಚಿಕ್ಕಮ್ಮನಂಥವಳು, ಗೋಡೆಯ ಮೇಲಿಂದ ಕರೆದಳು.

"ಬೇಟಿ, ಹೊಗಿ ಬರ್ಲಾಕತ್ತದ, ರೊಟ್ಟಿ ಬಡಿಯೋ ಸಪ್ಪಳ ಯಾಕಿಲ್ಲ?"

"ಅವ್ವಗ ಜ್ವರ ಬಂದಾವ್ರಿ ಖಾಲಾ."

ಅವಳು ನನ್ನ ಮುಖವನ್ನೇ ನೋಡಿದಳು. ಆ ಕೌದಿಯನ್ನು ಅಣ್ಣನಿಗೆ ಹೊಲಿದುಕೊಟ್ಟವಳು ಅವಳೇ. ಅಣ್ಣನ ಜೊತೆಗಾರ ಬಂದದ್ದನ್ನು ಮಾಳಿಗೆಯ ಮೇಲಿಂದ ಕಂಡಿದ್ದಳು.

"ಕೌದಿ ಬಂತು, ಹುಡುಗ ಬರಲಿಲ್ಲ," ಎಂದಳು, ಮೆಲ್ಲಗೆ. ಅಪ್ಪ ಬರುವತನಕ ಎಂದಷ್ಟೇ ನಾನು ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. ಆಮೇಲೆ ಗದರಿದಳು: "ಹಂಗಾದ್ರ ಬಡಿ! ರೊಟ್ಟಿ ಬಡಿ. ಆ ಕಡಿ ಮನಿಯವರ ಕಿವಿ ಭಾಳ ಚುರುಕವ."

ಬಡಿದೆ. ಮೂರು ದಿನ, ಎರಡು ಹೊತ್ತು, ಓಣಿಗೆಲ್ಲ ಕೇಳುವಂತೆ ಬಡಿದೆ. ಅವ್ವ ಒಂದು ತುಣುಕನ್ನೂ ಬಾಯಿಗೆ ಹಾಕಲಿಲ್ಲ. ಎಮ್ಮೆ ತಿಂದಿತು. ನಾನೂ ತಿಂದೆ. ಹಸಿವಾಗಿತ್ತು, ಏನು ಮಾಡಲಿ! ಆ ಹಸಿವಿನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಮೂರನೆಯ ದಿನ ಹೊತ್ತು ಇಳಿಯುವಾಗ ಅಪ್ಪ ಬಂದ. ಸಪ್ಪಳ ಕೇಳಿಯೇ ಬಂದಿದ್ದ.

"ಬಿಸಿ ರೊಟ್ಟಿ ಹಾಕವ್ವ, ಹಾದ್ಯಾಗ ಏನೂ ತಿಂದಿಲ್ಲ," ಎಂದು ಕೈಕಾಲು ತೊಳೆದು ಕುಳಿತೇಬಿಟ್ಟ.

ನಾನು ಅವ್ವನ ಕಡೆ ನೋಡಿದೆ. "ಮದಲ ಉಣ್ಣಲಿ," ಎಂದಳು, ತುಟಿಯಲ್ಲೇ.

ಅಪ್ಪ ಮೂರು ರೊಟ್ಟಿ ಉಂಡ. "ಅಬ್ಬಾ, ನಿನ್ನ ಕೈ ಕುದುರ್ಯದ ನೋಡು. ನಿಮ್ಮಣ್ಣ ಬಂದಾಗ ಹಿಂಗೇ ಮಾಡಿ ಹಾಕು," ಎಂದ. ನಾಲ್ಕನೆಯದನ್ನೂ ಹಾಕಿಸಿಕೊಂಡ. ಹಾಕಿದವಳು ನಾನು.

ಅವನು ಕೈ ತೊಳೆದ ಮೇಲೆ ಅವ್ವ ಹೇಳಿದಳು.

ಅಪ್ಪ ಬೀಳಲಿಲ್ಲ. ಮುಂದಿದ್ದ ತಾಟನ್ನು ದೂರ ಸರಿಸಿದ. "ನನಗ ಉಣಿಸಿದ್ರಲ್ಲಾ," ಎಂದ. ಅಷ್ಟೇ. ಅವ್ವ ಒಂದು ತಂಬಿಗೆ ನೀರನ್ನು ಒಲೆಗೆ ಸುರಿದಳು. ಹೊಗೆ ನಿಂತಿತು. ನಮ್ಮ ಮನೆಯ ಮೊದಲ ಅಳು ನಮ್ಮದಲ್ಲ; ಮೂರು ದಿನ ತಡೆದುಕೊಂಡಿದ್ದ ಖಾಲಾ ಗೋಡೆಯಾಚೆ ಬೋರಾಡಿ ಅತ್ತಳು. ಆಮೇಲೆ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ನಾನು ಬೆರಳಿಗೆ ಮೆತ್ತಿದ ಹಿಟ್ಟನ್ನು ಕೆರೆಯುತ್ತಾ ಕುಳಿತಿದ್ದೆ.

ಅಪ್ಪ ಅದಾದ ಮೇಲೆ ಬಹಳ ವರ್ಷ ಬದುಕಿದ. ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಬಿಸಿ ರೊಟ್ಟಿ ಹಾಕಿದರೆ ಮುಟ್ಟುತ್ತಿರಲಿಲ್ಲ. ತಾಟಿನಲ್ಲೇ ಬಿಟ್ಟು, ಪೂರ್ತಿ ಆರಿದ ಮೇಲೆ ಮುರಿಯುತ್ತಿದ್ದ.