ಕ್ರೀಮಕ್ಕನ ಲೋಟ

ಕೇಕ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಉದ್ದನೆಯ ಮೇಜಿನ ಮುಂದೆ ನಿಂತೇ ಆಕೆಯ ಅರ್ಧ ಆಯುಷ್ಯ ಕಳೆದಿತ್ತು. ಒಲೆಯಿಂದ ಬಂದು ಆರಿದ ಕೇಕನ್ನು ತಿರುಗುಮಣೆಯ ಮೇಲಿಟ್ಟು, ಚಪ್ಪಟೆ ಚಾಕುವಿನಿಂದ ಕ್ರೀಮು ಸವರಿ, ಅಂಚು ನೇರ ಮಾಡಿ, ಕಾಗದದ ಕೋನಿನಿಂದ ಕ್ರೀಮು ಹಿಂಡಿ ಹೂವು ಬಿಡಿಸುವುದು ಆಕೆಯ ಕೆಲಸ. ಅಂಗಡಿಯ ಹುಡುಗಿಯರು ಕ್ರೀಮಕ್ಕ ಎಂದು ಕರೆಯಲು ಶುರು ಮಾಡಿದರು. ಅದು ಬೀದಿಗೆ ಹಬ್ಬಿ ಕೊನೆಗೆ ಮನೆಯೊಳಕ್ಕೂ ಬಂತು. ಸ್ವಂತ ಗಂಡನೇ ಫೋನೆತ್ತಿ, "ಕ್ರೀಮಕ್ಕ ಸ್ನಾನಕ್ಕೆ ಹೋಗಿದ್ದಾಳೆ, ಆಮೇಲೆ ಮಾಡಿ" ಎನ್ನುತ್ತಿದ್ದ. ಹೆಸರಿನ ಬಗ್ಗೆ ಆಕೆ ತಲೆ ಕೆಡಿಸಿಕೊಂಡವಳಲ್ಲ. ಅಂಚು ಒಂದು ಕೂದಲೆಳೆ ಸೊಟ್ಟಗಾದರೆ ಮಾತ್ರ ಆ ದಿನ ಊಟ ರುಚಿಸುತ್ತಿರಲಿಲ್ಲ.

ಆ ಕೋಣೆಯಲ್ಲಿ ಆಕೆ ಯಾರಿಗೂ ಬಿಟ್ಟುಕೊಡದ ಕೆಲಸ ಒಂದಿತ್ತು. ಕ್ರೀಮು ಕಡೆಯುವ ಯಂತ್ರದಿಂದ ದೊಡ್ಡ ಉಕ್ಕಿನ ಬೋಗುಣಿಯನ್ನು ತುಂಬಿದ ಕ್ರೀಮಿನ ಸಮೇತ ಎತ್ತಿ ಮೇಜಿಗೆ ತರುವುದು. ಬೇರೆಯವರು ಅದಕ್ಕೆ ಕೈ ಹಾಕಿದರೆ ಗದರುತ್ತಿದ್ದಳು. "ಅಲುಗಾಡಿಸಿ ತಂದ್ರೆ ಕ್ರೀಮು ಕೂತುಬಿಡುತ್ತೆ, ದೂರ ಹೋಗು." ಹಾಗೆ ಗದರಿದ ಒಂದು ಮಧ್ಯಾಹ್ನವೇ, ನೆಲಕ್ಕೆ ಬಿದ್ದಿದ್ದ ಬೆಣ್ಣೆಯ ತುಣುಕಿನ ಮೇಲೆ ಕಾಲಿಟ್ಟು, ಬೋಗುಣಿಯನ್ನು ತಬ್ಬಿಕೊಂಡೇ ಬಿದ್ದಳು. ಬೋಗುಣಿಗೆ ಏನೂ ಆಗಲಿಲ್ಲ. ಆಕೆಯ ಬಲಭುಜದ ಮೂಳೆ ಮುರಿಯಿತು.

ಕಟ್ಟು ಬಿಚ್ಚಿದ ದಿನ ಆಕೆ ತನ್ನ ತೋಳನ್ನು ಗುರುತಿಸಲಿಲ್ಲ. ಸೊರಗಿ ಜೋತುಬಿದ್ದ ಅದು ಬೇರೆ ಯಾರದೋ ಎಂಬಂತೆ ನೋಡಿದಳು. ಮೂಳೆ ಡಾಕ್ಟರು ಮೂಳೆಯೇನೋ ಕೂಡಿದೆ, ಮಾಂಸಖಂಡ ಕರಗಿಹೋಗಿದೆ ಎಂದರು. ದಿನಾ ವ್ಯಾಯಾಮ ಮಾಡಬೇಕು, ಪ್ರೋಟೀನು ಹೆಚ್ಚು ತಿನ್ನಬೇಕು. ಜೊತೆಗೆ ರಕ್ತದಲ್ಲಿ ಸಕ್ಕರೆ ಗಡಿ ದಾಟಿದೆ. ಸಿಹಿ ಪೂರ್ತಿ ಬಂದ್.

"ಕೇಕಿನ ಅಂಗಡಿಯಲ್ಲಿ ಇಷ್ಟು ವರ್ಷ ಇದ್ದು ಈಗ ದಾಟಿದೆಯಲ್ಲ, ಅದೇ ನಿಮ್ಮ ಪುಣ್ಯ" ಎಂದರು ಡಾಕ್ಟರು.

ಅದೇ ವಾರ ಅಂಗಡಿಯ ಯಜಮಾನ ಮನೆಗೆ ಬಂದ. ಅವನ ಅಪ್ಪನ ಕಾಲದಿಂದ ಆಕೆ ಅಲ್ಲಿದ್ದವಳು. ಕೋನು ಹಿಡಿಯುವುದನ್ನು ಅವನಿಗೆ ಕಲಿಸಿದವಳೂ ಆಕೆಯೇ. ಕುರ್ಚಿಯ ತುದಿಯಲ್ಲಿ ಕುಳಿತು ಬೆರಳು ಹಿಸುಕಿಕೊಂಡ.

"ಅಕ್ಕಾ, ನೀವು ಮುಂದೆ ಕೌಂಟರಿನಲ್ಲಿ ಕೂತ್ಕೊಳ್ಳಿ. ಫ್ಯಾನ್ ಕೆಳಗೆ. ಆರ್ಡರ್ ಬರ್ಕೊಂಡ್ರೆ ಸಾಕು."

"ಕೂತು ದುಡಿಯೋದಕ್ಕೆ ಈ ಮನೇಲಿ ಒಬ್ಬರಿದ್ದಾರೆ" ಎಂದು ಆಕೆ ಗಂಡನ ಕಡೆ ಕಣ್ಣು ಹಾಯಿಸಿದಳು. ಗಡಿಯಾರ ರಿಪೇರಿ ಮಾಡುವ ಆತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕಿಟಕಿಯ ಪಕ್ಕ ಕುಳಿತಿದ್ದ.

"ನನ್ನನ್ನ ಯಾಕೆ ಎಳೀತೀಯ?" ಎಂದ, ತಲೆಯೆತ್ತದೆ.

"ನಾನು ಬೋಗುಣಿ ಎತ್ತಿದ್ರೆ ನನ್ನ ಮೇಜು ನನಗೆ. ಎತ್ತೋಕೆ ಆಗದಿದ್ರೆ ನೀನು ಹೇಳಿದ ಕಡೆ ಕೂರ್ತೀನಿ" ಎಂದು ಆಕೆ ಯಜಮಾನನಿಗೆ ಹೇಳಿದಳು.

ಯಜಮಾನ ಯೋಚಿಸಿದ. ಅವನಿಗೂ ಅಂಗಡಿ ನಡೆಯಬೇಕು. "ಬೇಸಿಗೆ ಮುಗಿಯೋವರೆಗೆ ಕಾಯ್ತೀನಿ ಅಕ್ಕಾ. ಆಮೇಲೆ ಈಗ ನಿಮ್ಮ ಜಾಗದಲ್ಲಿರೋ ಹೊಸ ಹುಡುಗೀನ ಕಾಯಂ ಮಾಡಬೇಕಾಗುತ್ತೆ. ತುಂಬಿದ ಬೋಗುಣಿ, ಯಂತ್ರದಿಂದ ಮೇಜಿಗೆ, ಒಬ್ಬರೇ."

"ಆಯ್ತು" ಎಂದಳು. ಆ ಮಾತು ಅಲ್ಲಿಗೆ ಮುಗಿಯಿತು.

ಸೊಸೆ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ಮರುದಿನವೇ ಒಂದು ದೊಡ್ಡ ಡಬ್ಬ ತಂದು ಮೇಜಿನ ಮೇಲೆ ಕುಕ್ಕಿದಳು. ಡಾಕ್ಟರನ್ನು ಕೇಳಿಯೇ ತಂದ ಪ್ರೋಟೀನ್ ಪುಡಿ. ಡಬ್ಬದ ಮೇಲೆ ಚಾಕೊಲೇಟ್ ಕೇಕಿನ ಚಿತ್ರವಿತ್ತು. ಒಂದು ತುಂಡು ಕತ್ತರಿಸಿ ತೆಗೆದಂತೆ. ಕ್ರೀಮಕ್ಕ ಮೊದಲು ನೋಡಿದ್ದು ಆ ಚಿತ್ರವನ್ನು.

"ಅಂಚು ಸರಿ ಇಲ್ಲ" ಎಂದಳು.

"ಅತ್ತೆ, ಅದು ಚಿತ್ರ. ಕುಡೀರಿ."

ಸೊಸೆ ಕಲಸಿ ಕೊಟ್ಟದ್ದನ್ನು ಕ್ರೀಮಕ್ಕ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಆಕೆ ಮುಖ ಕಿವುಚಲಿಲ್ಲ. ಅದಕ್ಕಿಂತ ಗಂಭೀರವಾಗಿ, ಹುಡುಗಿಯರು ತಂದ ಹಾಳು ಕ್ರೀಮನ್ನು ನೋಡುವ ಹಾಗೆ ನೋಡಿದಳು. "ಇದಕ್ಕೆ ಕೇಕು ಅಂತ ಹೆಸರಿಟ್ಟವರನ್ನ ನನ್ನ ಮೇಜಿನ ಹತ್ತಿರಕ್ಕೂ ಸೇರಿಸಲ್ಲ. ಔಷಧಿ ಅಂತ ಕೊಟ್ಟಿದ್ರೆ ಕಣ್ಮುಚ್ಚಿ ನುಂಗ್ತಿದ್ದೆ. ಕೇಕು ಅಂತ ಕೊಟ್ರೆ ಹೇಗೆ ಕುಡೀಲಿ?"

"ಹಾಗಾದ್ರೆ ನೀವೇ ಮಾಡ್ಕೊಳ್ಳಿ" ಎಂದಳು ಸೊಸೆ. ಸಿಟ್ಟಿನಲ್ಲಿ ಹೇಳಿದ ಮಾತು. ಅತ್ತೆ ಅದನ್ನು ಆಜ್ಞೆಯಂತೆ ತೆಗೆದುಕೊಂಡಳು. ಯಾವ ರುಚಿಯೂ ಸೇರಿಸದ ಬರೀ ಪುಡಿಯ ಇನ್ನೊಂದು ಡಬ್ಬ ತರಿಸಿದಳು.

ಮೊದಲ ಸಲ ಕಸ್ಟರ್ಡ್ ಮಾಡುವ ಅಭ್ಯಾಸದಲ್ಲಿ, ಕುದಿಯುವ ಹಾಲಿಗೆ ಪುಡಿ ಸುರಿದು ತಿರುವಿದಳು. ಎಷ್ಟು ತಿರುವಿದರೂ ಅದು ಕರಗಲಿಲ್ಲ. ಬಿಸಿಗೆ ಗಂಟುಗಂಟಾಗಿ ಕೊನೆಗೆ ರಬ್ಬರಿನಂತಾಯಿತು. ಗಂಡ ಚಮಚದಿಂದ ಒಂದು ಗಂಟನ್ನು ಎತ್ತಿ ಬೆಳಕಿಗೆ ಹಿಡಿದ.

"ನನ್ನ ಚಪ್ಪಲಿಯ ಅಟ್ಟೆ ಸವೆದಿದೆ. ಇದನ್ನ ಎಸೀಬೇಡ."

"ನಿಮ್ಮ ಗಡಿಯಾರ ನಿಂತಾಗ ನಾನು ಏನಾದ್ರೂ ಅಂದಿದ್ದೀನಾ?" ಎಂದು ಆಕೆ ಪಾತ್ರೆಯನ್ನು ನೆನೆಹಾಕಿದಳು.

ಎರಡನೆಯ ತಪ್ಪು ಇಷ್ಟು ಸುಲಭವಾಗಿ ತೊಳೆದುಹೋಗುವಂಥದಲ್ಲ. ಪುಡಿಯನ್ನು ತಣ್ಣನೆಯ ಹಾಲಿಗೆ ಹಾಕಬೇಕೆಂದು ಈಗ ತಿಳಿದಿತ್ತು. ಹಾಲು, ಪುಡಿ, ಕೋಕೋ, ಮಂಜುಗಡ್ಡೆ ಎಲ್ಲವನ್ನೂ ಮಿಕ್ಸಿಗೆ ಹಾಕಿ ತಿರುಗಿಸಿ ಕುಡಿದರೆ ಸಪ್ಪೆ. ಎಡಗೈ ತಾನಾಗಿಯೇ ಕಪಾಟಿಗೆ ಹೋಗಿ ಸಕ್ಕರೆ ಹಾಕಿ ಗಟ್ಟಿ ಮಾಡಿದ ಹಾಲಿನ, ಕಂಡೆನ್ಸ್ಡ್ ಮಿಲ್ಕಿನ ಡಬ್ಬ ತೆಗೆಯಿತು. ಒಂದು ಚಮಚವಷ್ಟೇ ಎಂದುಕೊಂಡಳು. ಇನ್ನೊಂದು ಹಾಕಿದಾಗ ಏನೂ ಅಂದುಕೊಳ್ಳಲಿಲ್ಲ. ಲೋಟ ನಿಜಕ್ಕೂ ಕೇಕಿನ ರುಚಿಗೆ ಬಂತು. ಆಮೇಲೆ ದಿನಾ ಅದೇ ಹದ. ದಿನಾ ಬೆಳಿಗ್ಗೆ ಬಾಯಿ ಚಪ್ಪರಿಸಿ ಕುಡಿದು, ವ್ಯಾಯಾಮದ ರಬ್ಬರಿನ ಪಟ್ಟಿ ಎಳೆದು, ತೋಳು ತುಂಬಿಕೊಳ್ಳುತ್ತಿದೆ ಎಂದು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದಳು. ತನ್ನನ್ನು ತಾನು ವಂಚಿಸಿಕೊಳ್ಳುವುದರಲ್ಲಿ ಹಟವಾದಿಗಳಷ್ಟು ನಿಪುಣರು ಇನ್ನಿಲ್ಲ. ಹಿಡಿದ ಕೆಲಸ ಬಿಡಲಿಲ್ಲವಲ್ಲ ಎಂಬ ಸಮಾಧಾನವೇ ಅವರ ಕಣ್ಣು ಕಟ್ಟುತ್ತದೆ.

ಮುಂದಿನ ಸಲ ರಕ್ತಪರೀಕ್ಷೆ ಮಾಡಿದಾಗ ಸಕ್ಕರೆ ಇನ್ನಷ್ಟು ಮೇಲೇರಿತ್ತು. ಡಾಕ್ಟರು ಧ್ವನಿ ಏರಿಸಲಿಲ್ಲ. "ಇದು ಇಳಿಯೋವರೆಗೆ ಭಾರ ಎತ್ತೋ ವ್ಯಾಯಾಮಕ್ಕೆ ನಾನು ಒಪ್ಪಲ್ಲ. ಏನು ತಿಂತಿದ್ದೀರಿ?"

"ಹೊಸದಾಗಿ ಅಂದ್ರೆ ಪ್ರೋಟೀನ್ ಶೇಕ್ ಒಂದೇ" ಎಂದು ಸೊಸೆ ಉತ್ತರಿಸಿ, ಅತ್ತೆಯ ಮುಖದ ಕಡೆ ತಿರುಗಿದಳು.

ಮನೆಗೆ ಬಂದು ಸೊಸೆ ಕಪಾಟು ತೆರೆದಳು. ಕಂಡೆನ್ಸ್ಡ್ ಮಿಲ್ಕಿನ ಖಾಲಿ ಡಬ್ಬಗಳು ಸಾಲಾಗಿ, ತೊಳೆದು ಬೋರಲು ಹಾಕಿ ಇಟ್ಟಿದ್ದವು. ಕ್ರೀಮಕ್ಕ ಏನನ್ನೇ ಬಚ್ಚಿಡಬೇಕಾದರೂ ಅಚ್ಚುಕಟ್ಟಾಗಿ ಬಚ್ಚಿಡುವವಳು.

"ಅತ್ತೆ, ಇದು ಶೇಕಲ್ಲ. ಲೋಟದಲ್ಲಿ ಸುರಿದ ಕೇಕು."

"ಹೌದು."

"ಬೇಸಿಗೆ ಅರ್ಧ ಹೋಯ್ತು."

"ಅದೂ ಗೊತ್ತು" ಎಂದಳು ಕ್ರೀಮಕ್ಕ. "ಬೈಯೋದಿದ್ರೆ ಈಗಲೇ ಬೈದು ಮುಗಿಸು. ನನಗೆ ಕೆಲಸ ಇದೆ."

ಸೊಸೆ ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಕುಳಿತಳು. "ಏನು ಕೆಲಸ, ಹೇಳಿ."

ಆಕೆ ಅಡುಗೆಮನೆಯ ಕಟ್ಟೆಯ ಮೇಲಿದ್ದುದನ್ನೆಲ್ಲ ಬದಿಗೆ ಸರಿಸಿ ಖಾಲಿ ಮಾಡಿದಳು. ಅಂಗಡಿಯಲ್ಲಿ ದೊಡ್ಡ ಆರ್ಡರು ಬಂದಾಗ ಮಾಡುತ್ತಿದ್ದುದೂ ಹೀಗೆಯೇ. ಸಕ್ಕರೆ ತೆಗೆದರೆ ಕೇಕಿನಲ್ಲಿ ಏನು ಉಳಿಯುತ್ತದೆ? ಹುರಿದ ವಾಸನೆ ಉಳಿಯುತ್ತದೆ. ಚಿಟಿಕೆ ಉಪ್ಪು ಉಳಿಯುತ್ತದೆ. ನಾಲಿಗೆಯ ಮೇಲೆ ಮೆತ್ತಗೆ ಹರಡುವ ಗುಣ ಉಳಿಯುತ್ತದೆ. ಅಷ್ಟರಲ್ಲೇ ಗೆಲ್ಲಬೇಕು. ಬಾದಾಮಿಯನ್ನು ಕಂದುಬಣ್ಣಕ್ಕೆ ತಿರುಗುವ ತನಕ ಹುರಿದು ನುಣ್ಣಗೆ ಅರೆದಳು. ಕೋಕೋ ಪುಡಿಯನ್ನು ನೇರ ಹಾಲಿಗೆ ಹಾಕದೆ ಚಮಚದಷ್ಟು ಬಿಸಿನೀರಿನಲ್ಲಿ ಕಲಸಿ, ಹೊಳಪು ಬಂದು ಘಮ್ಮೆನ್ನುವವರೆಗೆ ಬಿಟ್ಟು ಆರಿಸಿದಳು. ಬಟ್ಟೆಯಲ್ಲಿ ನೀರು ಸೋಸಿದ ಗಟ್ಟಿ ಮೊಸರು, ಡಾಕ್ಟರು ಒಪ್ಪಿದ ಅರ್ಧ ಬಾಳೆಹಣ್ಣು, ಚೂರು ದಾಲ್ಚಿನ್ನಿ, ಎರಡು ಹನಿ ವೆನಿಲಾ, ಚಿಟಿಕೆ ಉಪ್ಪು. ಕೊನೆಗೆ ಹಾಲು, ಪುಡಿ. ಮಂಜುಗಡ್ಡೆ ಹಾಕಿ ಮಿಕ್ಸಿ ತಿರುಗಿಸಿದಳು.

ವಾಸನೆ ಕೇಕಿನದೇ ಆಗಿತ್ತು. ರುಚಿ ಇನ್ನೂ ದೂರವಿತ್ತು.

"ಹತ್ತಿರ ಬಂದಿದೆ" ಎಂದಳು ಸೊಸೆ. "ಸಿಹಿ ಸಾಲದು. ಇನ್ನರ್ಧ ಬಾಳೆಹಣ್ಣು?"

"ಬೇಡ. ಇವತ್ತು ಹಣ್ಣು, ನಾಳೆ ಮತ್ತೆ ಡಬ್ಬ. ನನ್ನ ಕೈ ನನಗೆ ಗೊತ್ತು."

ಹಾಗೆ ಹೇಳಿ ಆಕೆ ಲೋಟ ಅಲ್ಲೇ ಬಿಟ್ಟು, ಬಾತ್‌ರೂಮಿಗೆ ಹೋಗಿ ಬಟ್ಟೆ ಹಿಂಡಿ ಒಣಹಾಕಿ ಬಂದಳು. ಬರುವಾಗ ಸೊಸೆ ಇನ್ನೂ ಅಲ್ಲೇ ಕುಳಿತು ಫೋನು ನೋಡುತ್ತಿದ್ದಳು. ಮಂಜುಗಡ್ಡೆ ಕರಗಿಹೋಗಿತ್ತು. ಚೆಲ್ಲಲು ಮನಸ್ಸಾಗದೆ ಕ್ರೀಮಕ್ಕ ಉಳಿದಿದ್ದರಲ್ಲಿ ಒಂದು ಗುಟುಕು ಬಾಯಿಗೆ ಸುರಿದುಕೊಂಡಳು. ನುಂಗದೆ ನಿಂತಳು.

"ಏನಾಯ್ತು ಅತ್ತೆ?"

ನುಂಗಿ ಆದ ಮೇಲೆ ಹೇಳಿದಳು. "ಐಸ್‌ಕ್ರೀಮ್ ಕೇಕಿಗೆ ನಾವು ಸಕ್ಕರೆ ಜಾಸ್ತಿ ಹಾಕ್ತೀವಿ. ಯಾಕೆ ಗೊತ್ತಾ? ತಣ್ಣಗಿರೋದಕ್ಕೆ ನಾಲಿಗೆ ಜೋಮು ಹಿಡಿಯುತ್ತೆ, ಸಿಹಿ ಗೊತ್ತಾಗಲ್ಲ. ಇಷ್ಟು ವರ್ಷದಿಂದ ಕೈ ಅದನ್ನ ಮಾಡ್ತಿದೆ. ತಲೆಗೆ ಹೊಳೆಯೋಕೆ ಇವತ್ತು ಐಸ್ ಕರಗಬೇಕಾಯ್ತು."

"ಶೇಕ್ ಅಂದ್ರೆ ತಣ್ಣಗಿರಬೇಕು ಅತ್ತೆ. ಎಲ್ಲರೂ ಹಾಗೇ ಮಾಡೋದು."

"ಎಲ್ಲರೂ ಸಕ್ಕರೇನೂ ಹಾಕ್ತಾರೆ. ತಣುಪು ಬಿಟ್ಟ ಮೇಲೆ ಇದರಲ್ಲಿದ್ದ ಸಿಹಿನೇ ಎದ್ದು ಬಂದಿದೆ. ಕುಡಿದು ನೋಡು."

ಸೊಸೆ ಕುಡಿದಳು. ಹುಬ್ಬೇರಿಸಿದಳು. ಲೋಟದ ತಳವನ್ನು ಬೆರಳಿನಿಂದ ಬಳಿದು ನೆಕ್ಕಿದಳು. ಅಂಗಡಿಯ ಹುಡುಗಿಯರು ಹೀಗೆ ಮಾಡಿದರೆ ಕ್ರೀಮಕ್ಕನ ಕೈಯಲ್ಲಿ ಏಟು ತಿನ್ನುತ್ತಿದ್ದರು. ಈ ಸಲ ಆಕೆ ನೋಡಿಯೂ ನೋಡದಂತೆ ಮಿಕ್ಸಿ ತೊಳೆದಳು.

ಆಮೇಲಿನ ವಾರಗಳಲ್ಲಿ ಮಂಜುಗಡ್ಡೆ ಮನೆಯೊಳಗೆ ಕಾಲಿಡಲಿಲ್ಲ. ಸಕ್ಕರೆ ನಿಧಾನವಾಗಿ ಇಳಿಯಿತು. ಡಾಕ್ಟರು ಭಾರ ಎತ್ತಲು ಒಪ್ಪಿದರು. ಈಗ ಬಾತ್‌ರೂಮಿನ ಬಕೆಟ್ಟೇ ಆಕೆಯ ಬೋಗುಣಿ. ತಳದಲ್ಲಿ ಒಂದಿಷ್ಟು ನೀರು ಹಾಕಿ ಎರಡೂ ಕೈಯಿಂದ ತಬ್ಬಿ ಎತ್ತಿ, ನಡುಮನೆಯ ತನಕ ನಡೆದು, ವಾಪಸ್ಸು. ತೋಳು ಒಪ್ಪಿದ ಹಾಗೆಲ್ಲ ನೀರು ಏರಿತು. ಭುಜ ನೋಯುತ್ತಿತ್ತು, ಸೊಸೆ ಹೇಳಿದ ಮಿತಿಗೆ ನಿಲ್ಲಿಸುತ್ತಿದ್ದಳು, ಹೇಳದಿದ್ದರೆ ನಿಲ್ಲಿಸುತ್ತಿರಲಿಲ್ಲ. ಬಿದ್ದ ದಿನದ ಭಯ ಕಾಲಿನಲ್ಲಿ ಉಳಿದಿತ್ತು. ಪ್ರತಿ ಹೆಜ್ಜೆಗೂ ಮೊದಲು ಹೆಬ್ಬೆರಳಿನಿಂದ ನೆಲ ಸವರಿ ನೋಡುತ್ತಿದ್ದಳು. ಅದನ್ನು ಯಾರಿಂದಲೂ ಬಿಡಿಸಲಾಗಲಿಲ್ಲ. ಬಿಡಿಸುವ ಅಗತ್ಯವೂ ಇರಲಿಲ್ಲ.

"ಸ್ನಾನಕ್ಕೆ ನೀರು ಯಾವ ಕೋಣೆಗೆ ಹೋಗಿದೆ ಅಂತ ಹೇಳಿದ್ರೆ ನಾನೂ ಅಲ್ಲಿಗೇ ಹೋಗ್ತೀನಿ" ಎಂದು ಗಂಡ ಟವೆಲು ಹೆಗಲ ಮೇಲೆ ಹಾಕಿಕೊಂಡು ಕೂಗುತ್ತಿದ್ದ. ಆದರೆ ಆಕೆ ನಡೆದುಬರುವ ದಾರಿಯಲ್ಲಿ ಅವನ ಸ್ಟೂಲಾಗಲಿ ಚಪ್ಪಲಿಯಾಗಲಿ ಒಂದು ದಿನವೂ ಅಡ್ಡ ಇರಲಿಲ್ಲ. ನೀರು ಚೆಲ್ಲಿದರೆ ಒರೆಸಿಬಿಡುತ್ತಿದ್ದವನೂ ಅವನೇ.

ಬೇಸಿಗೆ ಮುಗಿಯುವ ಹೊತ್ತಿಗೆ ಆಕೆ ಅಂಗಡಿಗೆ ಹೋದಳು. ಸೊಸೆ ಜೊತೆಗೆ ಬರುತ್ತೇನೆಂದಾಗ, "ನೀನು ಬಂದ್ರೆ ಅವನು ನಿನ್ನ ಮುಖ ನೋಡ್ತಾನೆ. ನನ್ನ ಕೈ ನೋಡಬೇಕು" ಎಂದು ಬಿಟ್ಟು ಬಂದಿದ್ದಳು.

ಹಿಂದಿನ ಕೋಣೆ ಹಾಗೆಯೇ ಇತ್ತು: ಬೆಣ್ಣೆಯ ವಾಸನೆ, ಒದ್ದೆ ನೆಲ, ಗೋಡೆಯ ಮೇಲೆ ಹಿಟ್ಟಿನ ತೆಳು ಪದರ. ಹೊಸ ಹುಡುಗಿ ತಿರುಗುಮಣೆ ಬಿಟ್ಟು ಪಕ್ಕಕ್ಕೆ ಸರಿದಳು. ಯಜಮಾನ ಯಂತ್ರ ನಿಲ್ಲಿಸಿ ದೂರ ನಿಂತ. ಕ್ರೀಮಕ್ಕ ಬೋಗುಣಿಯೊಳಕ್ಕೆ ಬಗ್ಗಿ ನೋಡಿದಳು. ಕ್ರೀಮು ಅರ್ಧಕ್ಕಿಂತ ಕೆಳಗಿತ್ತು.

"ಇದೇನು?"

"ಇವತ್ತು ಆರ್ಡರ್ ಕಮ್ಮಿ ಅಕ್ಕಾ" ಎಂದ ಯಜಮಾನ, ಗೋಡೆ ನೋಡುತ್ತ.

"ಕಪಾಟಿನ ಮೇಲೆ ಸಾಲಾಗಿ ಆರ್ಡರ್ ಚೀಟಿ ನೇತಾಡ್ತಿದೆ, ಮುರಿದಿದ್ದು ನನ್ನ ಭುಜ, ಕಣ್ಣಲ್ಲ. ತುಂಬಿಸು."

"ಅಕ್ಕಾ, ಇಷ್ಟಾದ್ರೂ ನನಗೆ ಸಾಕು..."

"ನಿನಗೆ ಸಾಕು. ನಾಳೆ ಬೋಗುಣಿ ತುಂಬಿದಾಗ ಎತ್ತೋಕೆ ಯಾರನ್ನ ಕರೀಲಿ? ತುಂಬಿಸು."

ಹುಡುಗಿ ಕ್ರೀಮು ಸುರಿದಳು. ಯಂತ್ರ ಮತ್ತೆ ತಿರುಗಿತು. ಅದರ ಸದ್ದು ಮಂದವಾಗಿ, ಭಾರವಾಗಿ ಇಳಿದಾಗ ಕ್ರೀಮಕ್ಕ ತಾನೇ ಗುಂಡಿ ಒತ್ತಿ ನಿಲ್ಲಿಸಿದಳು. ಹೆಬ್ಬೆರಳಿನಿಂದ ಮುಂದಿನ ನೆಲ ಸವರಿದಳು. ಒರೆಸುವ ಬಟ್ಟೆ ತರಿಸಿ ಒಂದು ಕಡೆ ಒರೆಸಿಸಿದಳು. ಆಮೇಲೆ ಬೋಗುಣಿಯನ್ನು ತಬ್ಬಿ, ಮೊಣಕಾಲು ಬಗ್ಗಿಸಿ ಎತ್ತಿದಳು.

ಬಲಭುಜ ಕೆಂಡ ಇಟ್ಟಂತೆ ಉರಿಯಿತು. ತೋಳು ನಡುಗಿತು. ಆಕೆ ನಡುಕವನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಒಂದು ಹೆಜ್ಜೆ, ನೆಲ ಸವರು, ಇನ್ನೊಂದು ಹೆಜ್ಜೆ. ಯಜಮಾನ ಕೈ ಚಾಚಿಕೊಂಡು ಪಕ್ಕದಲ್ಲೇ ನಡೆಯುತ್ತಿದ್ದ, ಮುಟ್ಟುವ ಧೈರ್ಯವಿಲ್ಲದೆ. ಮೇಜಿನ ಹತ್ತಿರ ಬಂದು ಇಳಿಸುವಾಗ ಬೋಗುಣಿ ಧಡ್ ಎಂದು ಕುಳಿತು, ಒಂದು ಮುದ್ದೆ ಕ್ರೀಮು ಹಾರಿ ಅವನ ಅಂಗಿಯ ಮೇಲೆ ಬಿತ್ತು.

"ಇಳಿಸೋದು ಇನ್ನೂ ಸರಿಯಾಗಿಲ್ಲ" ಎಂದಳು, ಏದುಸಿರು ಬಿಡುತ್ತ. "ಅದನ್ನ ಸರಿ ಮಾಡ್ಕೋತೀನಿ."

"ನಾಳೆಯಿಂದ ಬನ್ನಿ ಅಕ್ಕಾ" ಎಂದ ಯಜಮಾನ, ಅಂಗಿ ಒರೆಸಿಕೊಳ್ಳುತ್ತ. "ಈ ಹುಡುಗಿ ಕೇಕು ಕತ್ತರಿಸೋ ಕಡೆ ಇರ್ಲಿ."

"ನಾಳೆ ಯಾಕೆ? ಏಪ್ರನ್ ಎಲ್ಲಿ?"

ಏಪ್ರನ್ ಕಟ್ಟಿಕೊಂಡು, ಹಳೆಯ ಅಭ್ಯಾಸದಂತೆ ಕಿರುಬೆರಳಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಕ್ರೀಮು ತೆಗೆದು ನಾಲಿಗೆಗೆ ಇಟ್ಟಳು. ಮುಖ ಸಿಂಡರಿಸಿತು.

"ಇಷ್ಟೊಂದು ಸಕ್ಕರೆ ಯಾರು ಹಾಕಿದ್ದು?"

ಹೊಸ ಹುಡುಗಿ ಹೆದರಿ ಯಜಮಾನನ ಕಡೆ ನೋಡಿದಳು. ಅವನು ನಗು ತಡೆದುಕೊಂಡು ಹೇಳಿದ, "ನಿಮ್ಮ ಅಳತೆನೇ ಅಕ್ಕಾ. ಒಂದು ಚಮಚ ಹೆಚ್ಚಿಲ್ಲ, ಕಮ್ಮಿ ಇಲ್ಲ."

ಕ್ರೀಮಕ್ಕ ನಲ್ಲಿಯ ಕಡೆ ತಿರುಗಿದಳು. ಬೆರಳು ತೊಳೆದು ಒರೆಸಿಕೊಂಡಳು. "ಇನ್ಮೇಲೆ ರುಚಿ ನೀನು ನೋಡು" ಎಂದು ಹುಡುಗಿಗೆ ಹೇಳಿದಳು. "ಅಂಚು ನಾನು ನೋಡ್ತೀನಿ."

ಚಪ್ಪಟೆ ಚಾಕು ಕೈಗೆತ್ತಿಕೊಂಡು ತಿರುಗುಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.