ಗೋಡೆಯೊಳಗಿನ ದಾರಿ ಬರೆದ ಪೈಪಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮೂರು ಬಾಯ್ಲರ್‌ಗಳ ಪೈಕಿ ಎರಡು ಎದ್ದು ಗುರುಗುಟ್ಟುತ್ತಿವೆ, ಮೂರನೆಯದು ಇನ್ನೂ ಮಲಗಿದೆ. ನೀಲಿ ಕೋಟು ತೊಟ್ಟ ಗಿಡ್ಡನೆಯ ಹೆಂಗಸೊಬ್ಬರು ಕನ್ನಡಕವನ್ನು ಹಣೆಗೇರಿಸಿ, ತೋಳುದಪ್ಪದ ಪೈಪಿಗೆ ಕೈಯ ಹಿಂಬದಿಯನ್ನು ತಾಗಿಸಿ ತೆಗೆಯುತ್ತಾರೆ.

"ಐವತ್ತೆಂಟು," ಅನ್ನುತ್ತಾರೆ.

ಪೈಪಿನ ಮೇಲಿನ ಮೀಟರ್ ಐವತ್ತೇಳು ತೋರಿಸುತ್ತಿದೆ. ನಾನು ಅದನ್ನು ಹೇಳಿದರೆ, ಜೇಬಿನಿಂದ ಪೆನ್ಸಿಲ್ ತೆಗೆದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. "ಹೋದ ತಿಂಗಳಿಂದ ಒಂದು ಡಿಗ್ರಿ ಕಮ್ಮಿ ಹೇಳ್ತಿದೆ. ಮೀಟರ್ ಬದಲಾಯಿಸ್ಬೇಕು."

ಇಡೀ ಆಸ್ಪತ್ರೆಗೆ ಇವರು ಪೈಪಕ್ಕ. ದೊಡ್ಡ ಡಾಕ್ಟರರಿಂದ ಹಿಡಿದು ಹೂಗಿಡಕ್ಕೆ ನೀರುಣಿಸುವವರವರೆಗೆ ಎಲ್ಲರ ಬಾಯಲ್ಲೂ ಅದೇ. ಇಪ್ಪತ್ತೆರಡನೇ ವಯಸ್ಸಿಗೆ ನೆಲ ಒರೆಸುವ ಕೆಲಸಕ್ಕೆ ಸೇರಿದವರು. ಒರೆಸಿದಷ್ಟೂ ಒಂದು ಮೂಲೆಯಲ್ಲಿ ಮತ್ತೆ ಮತ್ತೆ ಒದ್ದೆಯಾಗುವುದನ್ನು ನೋಡಿ, ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಾ ಹೋದರಂತೆ. ಅಂದಿನ ಬಾಯ್ಲರ್ ಮೇಸ್ತ್ರಿ, "ಒರೆಸೋದು ಬಿಟ್ಟು ಇಲ್ಲಿ ಬಾ, ಈ ಸ್ಪ್ಯಾನರ್ ಹಿಡಿ" ಎಂದರಂತೆ. ಅದಕ್ಕೀಗ ಮೂವತ್ತೊಂದು ವರ್ಷ.

ಕಟ್ಟಡ ಮೂರು ಕಂತಿನಲ್ಲಿ ಎದ್ದದ್ದು. ಒಬ್ಬರು ಹಾಕಿದ ಪೈಪಿಗೆ ಇನ್ನೊಬ್ಬರು ಜೋಡಿಸಿ, ಮತ್ತೊಬ್ಬರು ಗೋಡೆಯಲ್ಲಿ ಮುಚ್ಚಿದ್ದಾರೆ. ಇನ್ನೂರ ಹದಿನಾಲ್ಕು ವಾಲ್ವ್, ನಲವತ್ತೊಂದು ಬಚ್ಚಲು, ಕೋಣೆಗಳನ್ನು ಬೆಚ್ಚಗಿಡಲು ಗೋಡೆಗೆ ಆನಿಸಿರುವ ತೊಂಬತ್ತಾರು ರೇಡಿಯೇಟರ್. ಯಾವ ವಾಲ್ವ್ ಮುಚ್ಚಿದರೆ ಎಲ್ಲಿ ನೀರು ನಿಲ್ಲುತ್ತದೆ ಎಂಬುದು ಬಹುಕಾಲ ಒಂದೇ ಕಡೆ ದಾಖಲಾಗಿತ್ತು: ಪೈಪಕ್ಕನ ತಲೆಯಲ್ಲಿ.

ಆರು ವರ್ಷದ ಹಿಂದೆ ಅವರ ತಂಗಿಗೆ ಕಾಲು ಮುರಿಯಿತು. ಪೈಪಕ್ಕ ಎರಡು ವಾರ ರಜೆ ಹಾಕಿ ತಂಗಿಯ ಊರಿಗೆ ಹೋದರು. ನಾಲ್ಕನೇ ದಿನ ಇಲ್ಲಿ ದಾಖಲೆ ಕೋಣೆಯ ಮೇಲೆ ಪೈಪು ಸೋರಿತು. ಹೊರಗಿನಿಂದ ಬಂದ ಕೆಲಸಗಾರರು ಕೈಗೆ ಸಿಕ್ಕ ವಾಲ್ವ್ ಮುಚ್ಚಿದರು. ಸೋರುವುದು ನಿಲ್ಲಲಿಲ್ಲ, ಹೆರಿಗೆ ವಾರ್ಡಿನ ರೇಡಿಯೇಟರ್‌ಗಳು ಮಾತ್ರ ತಣ್ಣಗಾದವು. ಅಂದು ಹೊರಗೆ ಹಲ್ಲು ಕಟಕಟಿಸುವ ಚಳಿ. ನರ್ಸ್‌ಗಳು ಹನ್ನೊಂದು ಹಸುಗೂಸುಗಳನ್ನು ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಂಡು ಮೇಲಿನ ಮಹಡಿಗೆ ಹತ್ತಿಸಿದರು. ಮಕ್ಕಳೆಲ್ಲ ಕ್ಷೇಮ. ಆದರೆ ತಪ್ಪು ಎಲ್ಲಿ ಆಗಿದೆ ಎಂದು ತಿಳಿಯಲು ಆರು ಗಂಟೆ ಹಿಡಿಯಿತು.

"ವಾಪಸ್ ಬಂದಾಗ ಎಲ್ರೂ, ನೀವಿಲ್ದಿದ್ರೆ ಇಲ್ಲಿ ಏನೂ ನಡೆಯಲ್ಲ ಪೈಪಕ್ಕ ಅಂತ ಹೊಗಳಿದ್ರು," ಎನ್ನುತ್ತಾ ಅವರು ಏಣಿಯ ಮೊದಲ ಮೆಟ್ಟಿಲ ಮೇಲೆ ಕೂರುತ್ತಾರೆ. "ನಂಗದು ಬೈಗುಳದ ಥರ ಕೇಳಿಸ್ತು. ನಾನು ಊರಿಗೆ ಹೋದ್ರೆ ಕೂಸುಗಳಿಗೆ ಚಳಿಯಾಗುತ್ತೆ ಅಂದ್ರೆ, ಇಷ್ಟು ವರ್ಷ ನಾನು ಮಾಡಿದ್ದಾದ್ರೂ ಏನು?"

ತಲೆಯಲ್ಲಿರುವುದನ್ನು ಚಿತ್ರಕ್ಕಿಳಿಸಬೇಕು ಎಂದು ಅವರು ನಿಶ್ಚಯಿಸಿದ್ದು ಆಗ. ಮೊದಲು ಕಾಗದದ ಮೇಲೆ ಸ್ಕೇಲ್ ಹಿಡಿದು ಗೆರೆ ಎಳೆದರು. ಒಂದು ಪೈಪು ಬದಲಾದರೆ ಇಡೀ ಹಾಳೆ ಮತ್ತೆ ಬರೆಯಬೇಕು. ಉಜ್ಜಿ ಉಜ್ಜಿ ಕಾಗದವೇ ಸೋರತೊಡಗಿತು. ಕಂಪ್ಯೂಟರಿನಲ್ಲಿ ಬರೆಯುವುದೇ ಸರಿ ಎಂದುಕೊಂಡರು. ಹತ್ತನೇ ತರಗತಿಗೆ ಓದು ನಿಲ್ಲಿಸಿದವರು, ಮೌಸ್ ಹಿಡಿದದ್ದು ನಲವತ್ತೇಳರ ವಯಸ್ಸಿನಲ್ಲಿ.

ಆಸ್ಪತ್ರೆಯ ಕಚೇರಿಯವರು ದೊಡ್ಡ ದೊಡ್ಡ ಕಟ್ಟಡಗಳ ನಕ್ಷೆ ಬರೆಯುವ ಭಾರಿ ಸಾಫ್ಟ್‌ವೇರ್ ಒಂದನ್ನು ಪರೀಕ್ಷೆಗೆ ತರಿಸಿಕೊಟ್ಟರು. ತೆರೆದರೆ ಪರದೆಯ ತುಂಬ ಗುಂಡಿಗಳು. ಸ್ಟೋರ್ ರೂಮಿನ ಹಳೆಯ ಕಂಪ್ಯೂಟರ್ ಏದುಸಿರು ಬಿಡತೊಡಗಿತು. "ಒಂದು ನಲ್ಲಿ ಬರೆಯೋಕೆ ನಲವತ್ತು ನಿಮಿಷ. ಅಷ್ಟ್ರಲ್ಲಿ ನಿಜವಾದ ನಲ್ಲೀನೇ ಹಾಕ್ಬಿಡ್ತಿದ್ದೆ."

ಬೇರೆ ಸಾಫ್ಟ್‌ವೇರ್‌ಗಳನ್ನು ಹುಡುಕುವಾಗ ಪೈಪಕ್ಕ ಒಂದು ಪರೀಕ್ಷೆ ಇಟ್ಟರು. ಬರೆಯುವವರಿಗೆ ಸುಲಭವಾದರೆ ಸಾಲದು, ಓದುವವರಿಗೂ ಆಗಬೇಕು. ಒಂದೊಂದರಲ್ಲೂ ತಮ್ಮ ಮನೆಯ ನೀರಿನ ಲೈನ್ ಬರೆದು, ಮುದ್ರಿಸಿ, ಎಪ್ಪತ್ತೊಂಬತ್ತರ ಅತ್ತೆಯ ಕೈಗೆ ಕೊಟ್ಟರು. "ಅತ್ತೆ, ಇದನ್ನ ನೋಡ್ಕೊಂಡು ಬಚ್ಚಲಿನ ಬಿಸಿನೀರು ಬಂದ್ ಮಾಡಿ ನೋಡೋಣ."

ಮೊದಲನೆಯದನ್ನು ನೋಡಿ ಅತ್ತೆ, "ನೂಲಿನುಂಡೆ ಬೆಕ್ಕಿನ ಕೈಗೆ ಸಿಕ್ಕ ಹಾಗಿದೆ" ಎಂದು ಹಿಂದಿರುಗಿಸಿದರು. ಎರಡನೆಯದು ಬಣ್ಣಬಣ್ಣದ, ಮೂರು ಆಯಾಮದ ಚಿತ್ರ. "ಚೆನ್ನಾಗಿದೆ ಕಣೇ, ಕಟ್ಟು ಹಾಕಿಸಿ ಗೋಡೆಗೆ ಹಾಕು. ಆದ್ರೆ ವಾಲ್ವ್ ಎಲ್ಲಿದೆ ಇದ್ರಲ್ಲಿ?"

ಮೂರನೆಯದು ಸಾದಾ. ಪಕ್ಕದಲ್ಲಿ ಪಂಪು, ವಾಲ್ವ್, ಬಾಯ್ಲರ್‌ಗಳ ಚಿಕ್ಕ ಚಿತ್ರಗಳು. ಬೇಕಾದ್ದನ್ನು ಎಳೆದು ತಂದು ಹಾಳೆಯ ಮೇಲಿಟ್ಟರೆ ಆಯಿತು. ಬಿಸಿನೀರಿಗೆ ಕೆಂಪು ಗೆರೆ, ತಣ್ಣೀರಿಗೆ ನೀಲಿ. ವಾಲ್ವನ್ನು ಆಚೀಚೆ ಸರಿಸಿದರೆ ಪೈಪೂ ಕರುವಿನ ಹಾಗೆ ಹಿಂದೆಯೇ ಬರುತ್ತದೆ. ಆ ಹಾಳೆ ಹಿಡಿದು ಅತ್ತೆ ಎದ್ದರು. ಬೆರಳನ್ನು ಕೆಂಪು ಗೆರೆಯ ಮೇಲೆ ಓಡಿಸುತ್ತಾ ಹಿತ್ತಲ ಬಾಗಿಲ ಬಳಿ ಹೋಗಿ, ಬಗ್ಗಿ, ತಿರುಗಿಸಿದರು. ಮರುಕ್ಷಣವೇ ಬಚ್ಚಲಿನಿಂದ ಪೈಪಕ್ಕನ ಗಂಡನ ಕೂಗು ಕೇಳಿತು. ಮೈಯೆಲ್ಲ ಸೋಪು, ಬೀಳುತ್ತಿರುವುದು ಐಸಿನಂಥ ನೀರು.

"ಅಮ್ಮನಿಗೆ ಹೇಳ್ದೆ, ವಾಪಸ್ ತಿರುಗಿಸಮ್ಮ ಅಂತ," ಎಂದು ದರ್ಜಿ ಕೆಲಸದ ಆ ಗಂಡ ಇಂದಿಗೂ ನಗುತ್ತಾರೆ. "ಇರು, ಸೊಸೆ ಮಾರ್ಕ್ಸ್ ಹಾಕ್ತಿದ್ದಾಳೆ ಅಂದ್ರು."

ಹಾಗೆ ಮೂರನೆಯದು ಗೆದ್ದಿತು. ಇನ್ನೂರ ಹದಿನಾಲ್ಕು ವಾಲ್ವ್‌ಗಳಿಗೂ ನಂಬರಿನ ಬಿಲ್ಲೆ ಕಟ್ಟಿ, ಒಂದೊಂದನ್ನೂ ಮುಚ್ಚಿ ತೆರೆದು ಖಾತ್ರಿ ಮಾಡಿಕೊಂಡು ಬರೆದು ಮುಗಿಸಲು ಹದಿನಾಲ್ಕು ತಿಂಗಳಾಯಿತು. ತಾವು ಬಾಯಿಪಾಠ ಮಾಡಿದ್ದರಲ್ಲೇ ಒಂಬತ್ತು ತಪ್ಪು ಸಿಕ್ಕವು ಎಂದು ಪೈಪಕ್ಕ ತಾವಾಗಿಯೇ ಹೇಳುತ್ತಾರೆ. ಈಗ ಪ್ರತಿ ವಿಭಾಗದ ಬಾಗಿಲ ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ ನೇತಾಡುತ್ತದೆ.

ಮೂರು ವರ್ಷ ಯಾರೂ ಅದರತ್ತ ತಿರುಗಿ ನೋಡಲಿಲ್ಲ. ಕಳೆದ ವರ್ಷ ಒಂದು ಮಧ್ಯಾಹ್ನ ಪೈಪಕ್ಕ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು. ಮಡಿಲಲ್ಲಿ ಫೋನು ಒಂದೇ ಸಮ ನಡುಗುತ್ತಿತ್ತು. ಎತ್ತುವಂತಿಲ್ಲ, ಮಾತಾಡುವಂತಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆಯ ಮೇಲಿನ ಬಿಸಿನೀರಿನ ಪೈಪು ಒಡೆದಿತ್ತು. ಒಳಗೆ ಯಂತ್ರ, ಮೇಜಿನ ಮೇಲೆ ರೋಗಿ. ರೋಗಿಯನ್ನು ಹೊರಗೆಳೆದದ್ದಾಯಿತು, ನೀರು ಯಂತ್ರದ ಕಡೆ ಹರಿದು ಬರುತ್ತಿತ್ತು. ಆಗ ಅಲ್ಲಿಗೆ ಒಗೆದ ಚಾದರಗಳ ಗಾಡಿ ತಳ್ಳಿಕೊಂಡು ಬಂದವರು ಲಾಂಡ್ರಿಯ ಹಿರಿಯ ಕೆಲಸಗಾರ, ಎಲ್ಲರೂ ಮಾವ ಎಂದು ಕರೆಯುವವರು.

"ನಂಗೆ ಬಟ್ಟೆ ಬಿಟ್ರೆ ಬೇರೆ ವಿದ್ಯೆ ಇಲ್ಲ," ಎನ್ನುತ್ತಾರೆ ಮಾವ. "ಗೋಡೆ ಮೇಲಿನ ಹಾಳೆ ಕಿತ್ಕೊಂಡೆ. ಕೆಂಪು ಗೆರೆ ಹಿಡ್ಕೊಂಡು ಹೋದೆ. ಮೆಟ್ಟಿಲ ಹಿಂದೆ ಎಂಬತ್ತೇಳು ಅಂತಿತ್ತು. ಹೋಗಿ ನೋಡಿದ್ರೆ ಬಿಲ್ಲೆ ಮೇಲೂ ಎಂಬತ್ತೇಳು. ತಿರುಗಿಸ್ದೆ, ನಿಂತ್ಹೋಯ್ತು."

ನಾಲ್ಕು ನಿಮಿಷ. ಯಂತ್ರ ಉಳಿಯಿತು. ದಂತವೈದ್ಯರು ಕೈ ತೆಗೆದಾಗ ಪೈಪಕ್ಕನ ಫೋನಿನಲ್ಲಿ ಹನ್ನೊಂದು ಕರೆ, ಕೊನೆಗೊಂದು ಸಂದೇಶ: "ನೀರು ನಿಂತಿದೆ. ನೀವು ಹಲ್ಲು ನೋಡ್ಕೊಳ್ಳಿ. – ಮಾವ." ಅರ್ಧ ಬಾಯಿ ಜೋಮು ಹಿಡಿದಿದ್ದರೂ ಇನ್ನರ್ಧದಲ್ಲಿ ನಕ್ಕರಂತೆ. ಆಮೇಲೆ ಯಾಕೋ ಅಳುವೂ ಬಂತಂತೆ. ನೋವಾಯಿತೇ ಎಂದು ಡಾಕ್ಟರು ಗಾಬರಿಯಾದರಂತೆ.

ಈಗ ಗಂಟೆ ಏಳು. ಮೇಲಿನ ಮಹಡಿಗಳಲ್ಲಿ ಬಚ್ಚಲುಗಳು ಒಂದೊಂದಾಗಿ ಎಚ್ಚರಗೊಳ್ಳುತ್ತವೆ, ಪೈಪುಗಳಲ್ಲಿ ಸದ್ದು ಏರುತ್ತದೆ. ಪೈಪಕ್ಕ ಮೂರನೇ ಬಾಯ್ಲರನ್ನೂ ಎಬ್ಬಿಸುತ್ತಾರೆ. ನಿವೃತ್ತಿಗೆ ಇನ್ನೆರಡೇ ವರ್ಷ. ಆಮೇಲೆ ಏನು ಆಸೆ ಎಂದು ಕೇಳುತ್ತೇನೆ. ಕೈ ಒರೆಸಿಕೊಳ್ಳುತ್ತಾರೆ.

"ನನ್ನ ಜಾಗಕ್ಕೆ ಯಾರಾದ್ರೂ ಬರ್ತಾರಲ್ಲ, ಅವ್ರು ಬಂದ ವಾರದೊಳಗೆ ನನ್ನ ಚಿತ್ರದಲ್ಲಿ ಒಂದು ತಪ್ಪು ಹಿಡೀಬೇಕು," ಎನ್ನುತ್ತಾರೆ. "ತಪ್ಪು ಹಿಡಿದ್ರೆ ಓದಿದ್ದಾರೆ ಅಂತ ತಾನೇ? ತಿದ್ದಿಟ್ರಂತೂ, ಇನ್ನು ನನಗೆ ಚಿಂತೆ ಇಲ್ಲ."