ಓಡುವ ಯಂತ್ರದ ರಿಪೇರಿ

ನಮ್ಮಪ್ಪ ನೂಲಿನ ಗಿರಣಿಯಲ್ಲಿ ಫಿಟ್ಟರ್. ಸ್ವಿಚ್ಚಿಗೆ ಬೀಗ ಜಡಿದು, ಬೀಗದಕೈಯನ್ನು ಅಂಗಿಯ ಎಡಜೇಬಿಗೆ ಇಳಿಸುವ ತನಕ ಯಾವ ಯಂತ್ರಕ್ಕೂ ಬೆರಳು ತಾಗಿಸಿದವರಲ್ಲ. ಓಡುವ ಯಂತ್ರಕ್ಕೆ ಯಾರಾದರೂ ಕೈ ಹಾಕಿದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದರು. ಮನೆಯಲ್ಲೂ ಅದೇ ಗಂಟಲು. ಮಿಕ್ಸಿ ತೊಳೆಯುವ ಮೊದಲು ಅಮ್ಮ ಪ್ಲಗ್ ಕಿತ್ತು ಅವರಿಗೆ ತೋರಿಸಬೇಕಿತ್ತು.

ಅಂಥವರಿಗೆ ಹೃದಯಾಘಾತವಾಯಿತು. ಕಟ್ಟಿಕೊಂಡಿದ್ದ ರಕ್ತನಾಳವನ್ನು ಡಾಕ್ಟರಮ್ಮ ತೆರೆದರು. ಕೆಲವು ದಿನಗಳ ಮೇಲೆ ಎದೆಯ ಸ್ಕ್ಯಾನ್ ಮಾಡುತ್ತಾ, ಪರದೆಯ ಮೇಲೆ ಮಿಡಿಯುತ್ತಿದ್ದ ಹೃದಯದ ಒಂದು ಮೂಲೆಯನ್ನು ತೋರಿಸಿದರು.

“ಇಷ್ಟು ಭಾಗ ಸತ್ತುಹೋಗಿದೆ. ನಿಮ್ಮ ರಕ್ತದಲ್ಲಿರೋ ಬಿಳಿ ಕಣಗಳು ಅದನ್ನ ತಿಂದು ಗುಡಿಸಿ ಹಾಕ್ತಿವೆ. ಆಮೇಲೆ ಅಲ್ಲಿ ಗಟ್ಟಿ ತೇಪೆ ಬೀಳೋ ಹಾಗೆ ನೋಡ್ಕೊಳ್ಳೋದೂ ಅವೇ.”

ಅಪ್ಪ ಹುಬ್ಬು ಗಂಟಿಕ್ಕಿದರು. “ಅದಕ್ಕೆ ಹೃದಯಾನ ಯಾವಾಗ ನಿಲ್ಲಿಸ್ತವೆ ಮೇಡಂ?”

“ನಿಲ್ಲಿಸೋ ಹಾಗೇ ಇಲ್ವಲ್ಲ!”

“ಅಂದ್ರೆ, ಓಡ್ತಿರೋವಾಗ್ಲೇನಾ?”

ಡಾಕ್ಟರಮ್ಮ ನಕ್ಕು ತಲೆಯಾಡಿಸಿದರು. ಅಪ್ಪ ಬಿಟ್ಟ ಕಣ್ಣು ಬಿಟ್ಟಂತೆ ಪರದೆಯನ್ನೇ ನೋಡಿದರು. ಜೀವಮಾನವಿಡೀ ತಾವು ಯಾರಿಗೂ ಮಾಡಗೊಡದ ಕೆಲಸ ತಮ್ಮೆದೆಯಲ್ಲೇ ನಡೆಯುತ್ತಿತ್ತು, ಬೈಯೋಣವೆಂದರೆ ಮಾಡುತ್ತಿದ್ದವರು ಎದುರಿಗೆ ಇರಲಿಲ್ಲ.

ವಾರ್ಡಿಗೆ ಮರಳಿದಾಗ ಅಮ್ಮ ಎಂದಿನ ಗಟ್ಟಿ ದನಿಯಲ್ಲೇ, “ಏನಂದ್ರು?” ಎಂದು ಕೇಳಿದಳು. ಅಪ್ಪನ ಅಂಗೈ ತಾನಾಗಿ, ಬೀಗದಕೈ ಇರುತ್ತಿದ್ದ ಎಡಜೇಬಿನ ಜಾಗಕ್ಕೆ ಹೋಗಿ ಅಲ್ಲೇ ನಿಂತಿತು.

“ಮೆಲ್ಲಗೆ ಮಾತಾಡೇ,” ಎಂದರು, ನಾನು ಅವರ ಬಾಯಲ್ಲಿ ಎಂದೂ ಕೇಳಿರದ ದನಿಯಲ್ಲಿ. “ಮೆಷಿನ್ ಓಡ್ತಾ ಇದೆ. ಒಳಗೆ ರಿಪೇರಿಯವರು ಕೈ ಹಾಕಿದ್ದಾರೆ.”